ಬ್ರೇಕಿನ ಗಾಳಿ ತೆಗೆಯುವ ಪುಟ್ಟ ತಿರುಪು

ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಕೋಡ್ಲಾ, ಸೇಡಂ, ವಾಡಿ, ಶಹಾಬಾದ್ ಕಡೆಯ ಯಾವ ರಸ್ತೆಯ ಬದಿಗಾದರೂ ನಿಂತು ನೋಡಿ. ಬಸ್ಸು ಸಿಗದ, ಸಿಕ್ಕರೂ ಅದಕ್ಕಾಗಿ ಕಾಯಲು ಒಲ್ಲದ ಕಾಲೇಜು ಹುಡುಗರು ಮೋಟರ್ ಸೈಕಲ್ ಮೇಲೆ ಇಬ್ಬಿಬ್ಬರಾಗಿ ಸಾಗುತ್ತಿರುತ್ತಾರೆ. ಅವರ ಹಿಂದೆ ಮುಂದೆ ಸುಣ್ಣಕಲ್ಲು, ಸಿಮೆಂಟು, ಫರಸಿ ಹೇರಿದ ಲಾರಿಗಳು. ಕೋಡ್ಲಾದಲ್ಲಿ ಶ್ರೀ ಸಿಮೆಂಟ್, ಸೇಡಂನಲ್ಲಿ ವಾಸವದತ್ತಾ, ಮಳಖೇಡದಲ್ಲಿ ಹಿಂದಿನ ರಾಜಶ್ರೀ, ವಾಡಿಯಲ್ಲಿ ಎಸಿಸಿ: ಇಷ್ಟು ಕಾರ್ಖಾನೆಗಳಿರುವ ನೆಲದಲ್ಲಿ ಲಾರಿಯ ಬೆನ್ನು ಬಿಡದೆ ಗಾಡಿ ಓಡಿಸುವುದು ಅನಿವಾರ್ಯ. ಮುಂದಿನ ಲಾರಿ ಗಕ್ಕನೆ ನಿಂತಾಗ ಹುಡುಗನ ಬಲಗೈಯ ನಾಲ್ಕು ಬೆರಳು ಹಿಡಿಯುವ ಬ್ರೇಕು ಎಷ್ಟು ಗಟ್ಟಿಯಾಗಿದೆ ಎನ್ನುವುದರ ಮೇಲೆ ಮನೆಯವರ ನೆಮ್ಮದಿ ನಿಂತಿದೆ.

ಗಂಟೆಗೆ 50 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಬ್ರೇಕು ಮೊದಲ ಹಿಡಿತದಲ್ಲಿ ಹತ್ತದೆ, ಬಿಟ್ಟು ಮತ್ತೆ ಹಿಡಿಯಬೇಕಾಗಿ ಬಂದರೆ ಅರ್ಧ ಸೆಕೆಂಡು ಹೋಗುತ್ತದೆ. ಆ ಅರ್ಧ ಸೆಕೆಂಡಿನಲ್ಲಿ ಗಾಡಿ 7 ಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ಸರಿಸುಮಾರು ಒಂದು ಲಾರಿಯ ಉದ್ದ.

ಡಿಸ್ಕ್ ಬ್ರೇಕು ಹೀಗೆ ಮೆತ್ತಗಾಗಲು ಕಾರಣ ಹಲವು ಇರಬಹುದು. ಅವುಗಳಲ್ಲಿ ಅತಿ ಸಣ್ಣದಾದ, ಅತಿ ಅಗ್ಗವಾದ, ಆದ್ದರಿಂದಲೇ ಯಾರೂ ತಲೆ ಕೆಡಿಸಿಕೊಳ್ಳದ ಒಂದು ಭಾಗವನ್ನು ಕುರಿತು ಇಲ್ಲಿ ಹೇಳಬೇಕಾಗಿದೆ. ಅದೇ ಬ್ಲೀಡಿಂಗ್ ನಿಪ್ಪಲ್. ಮುಂದಿನ ಚಕ್ರದ ಡಿಸ್ಕನ್ನು ಕಚ್ಚಿ ಹಿಡಿಯುವ ಕ್ಯಾಲಿಪರ್ ಎಂಬ ಅಲ್ಯೂಮಿನಿಯಂ ಗಟ್ಟಿಯ ಮೇಲ್ತುದಿಯಲ್ಲಿ ಕಿರುಬೆರಳಿನ ಉಗುರಿನಷ್ಟು ಅಗಲದ ಒಂದು ತಿರುಪು ಕಾಣುತ್ತದೆ. ಅದಕ್ಕೆ ಕರಿ ರಬ್ಬರಿನ ಟೊಪ್ಪಿಗೆ ಇರಬೇಕು. ಹತ್ತು ಗಾಡಿ ನೋಡಿದರೆ ಕೆಲವಕ್ಕೆ ಆ ಟೊಪ್ಪಿಗೆ ಇರುವುದಿಲ್ಲ. ನಮ್ಮ ತೊಂದರೆ ಶುರುವಾಗುವುದೇ ಅಲ್ಲಿಂದ.

(ನಿಮ್ಮ ಗಾಡಿಗೆ ಎರಡೂ ಕಡೆ ಡ್ರಮ್ ಬ್ರೇಕೇ ಇದ್ದರೆ ಈ ನಿಪ್ಪಲಿನ ಗೊಡವೆ ನಿಮಗಿಲ್ಲ. ಅಲ್ಲಿ ಎಣ್ಣೆಯಿಲ್ಲ, ತಂತಿ ಇಲ್ಲವೆ ಸರಳು ಎಳೆಯುತ್ತದೆ. ಮುಂದೆ ಹೊಸ ಗಾಡಿ ತೆಗೆದುಕೊಳ್ಳುವಾಗ ಉಪಯೋಗಕ್ಕೆ ಬರಬಹುದು, ಓದಿರಿ.)

ಪಾಠದ ಪಾಸ್ಕಲ್, ಗಾಡಿಯ ಪಾಸ್ಕಲ್

ಪಾಸ್ಕಲನ ನಿಯಮವನ್ನು ಹೈಸ್ಕೂಲು ದಾಟಿದವರೆಲ್ಲ ಬಾಯಿಪಾಠ ಮಾಡಿದ್ದಾರೆ. ಮುಚ್ಚಿದ ಪಾತ್ರೆಯಲ್ಲಿನ ದ್ರವದ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಮೋಟರ್ ಸೈಕಲ್ಲಿನಲ್ಲಿ ಈ ಪಾಠ ಓಡಾಡುತ್ತಿದೆ. ಹ್ಯಾಂಡಲ್ಲಿನ ಬಳಿ ಇರುವ ಮಾಸ್ಟರ್ ಸಿಲಿಂಡರಿನ ಒಳಗಿನ ಕೊಂತ 12 ಮಿಲಿಮೀಟರ್ ಅಗಲ, ಕೆಳಗೆ ಕ್ಯಾಲಿಪರಿನ ಕೊಂತ 30 ಮಿಲಿಮೀಟರ್ ಅಗಲ ಎಂದು ಇಟ್ಟುಕೊಳ್ಳಿ. ವಿಸ್ತೀರ್ಣ 6.25 ಪಟ್ಟು. ಮೇಲೆ ಒತ್ತಿದ ಬಲ ಕೆಳಗೆ ಅಷ್ಟು ಪಟ್ಟಾಗಿ ಪ್ಯಾಡುಗಳನ್ನು ಡಿಸ್ಕಿಗೆ ಅಮುಕುತ್ತದೆ. ಎರಡು ಬೆರಳಿನ ಹಿಡಿತಕ್ಕೆ ಇಬ್ಬರು ಕುಳಿತ ಗಾಡಿ ನಿಲ್ಲುವುದರ ಗುಟ್ಟು ಇದೇ.

ಆದರೆ ಈ ಲಾಭಕ್ಕೆ ಒಂದು ಷರತ್ತಿದೆ. ನಡುವೆ ಇರುವುದು ದ್ರವ ಮಾತ್ರ ಆಗಿರಬೇಕು, ಗಾಳಿ ಇರಬಾರದು. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಮೇಲಿನ ಕೊಂತ 10 ಮಿಲಿಮೀಟರ್ ಮುಂದೆ ಸರಿದರೆ ಅದು ತಳ್ಳುವ ಬ್ರೇಕ್ ಆಯಿಲ್ ಎಷ್ಟು? ಲೆಕ್ಕ ಮಾಡಿ ನೋಡಿ: ಸುಮಾರು 1.1 ಮಿಲಿಲೀಟರ್, ಅಷ್ಟೆ. ಈಗ ಪೈಪಿನಲ್ಲಿ ಒಂದು ಮಿಲಿಲೀಟರ್ ಗಾಳಿ ಸೇರಿಕೊಂಡಿದೆ ಎನ್ನಿ. ಬಾಯ್ಲನ ನಿಯಮದಂತೆ ಒತ್ತಡ ಹತ್ತು ಪಟ್ಟಾದಾಗ ಅದು ಹತ್ತನೆಯ ಒಂದು ಭಾಗಕ್ಕೆ ಕುಗ್ಗುತ್ತದೆ. ಅಂದರೆ ನೀವು ಒತ್ತಿದ 1.1 ಮಿಲಿಲೀಟರಿನಲ್ಲಿ 0.9ನ್ನು ಆ ಗುಳ್ಳೆಯೇ ನುಂಗಿಬಿಟ್ಟಿತು. ಹಿಡಿ ಹ್ಯಾಂಡಲ್ಲಿಗೆ ತಾಗುತ್ತದೆ, ಗಾಡಿ ಮಾತ್ರ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಔಷಧಿಯ ಡ್ರಾಪರಿನಿಂದ ಇಪ್ಪತ್ತು ಹನಿ ಬಿದ್ದರೆ ಎಷ್ಟೋ ಅಷ್ಟೇ ಜಾಗದ ಗಾಳಿ ಮಾಡುವ ಕೆಲಸ ಇದು.

ಈ ಗಾಳಿಯನ್ನು ಹೊರಗೆ ಹಾಕುವ ಬಾಗಿಲೇ ನಿಪ್ಪಲ್. ಗಾಳಿಗುಳ್ಳೆ ಮೇಲಕ್ಕೆ ಏರುವುದರಿಂದ ಅದನ್ನು ಕ್ಯಾಲಿಪರಿನ ಅತಿ ಎತ್ತರದ ಜಾಗದಲ್ಲಿ ಇಟ್ಟಿರುತ್ತಾರೆ. ಕಿತ್ತು ನೋಡಿದರೆ ರಚನೆ ಬಹಳ ಸರಳ. ನಡುವೆ ಕೊಳವೆಯಂತೆ ತೂತು, ತುದಿಯ ಹತ್ತಿರ ಅಡ್ಡಲಾಗಿ ಇನ್ನೊಂದು ಸಣ್ಣ ತೂತು, ಕೊನೆಯಲ್ಲಿ ಪೆನ್ಸಿಲ್ ಕೆತ್ತಿದಂತೆ ಚೂಪಾದ ಶಂಕು. ಬಿಗಿದಾಗ ಈ ಶಂಕು ಕ್ಯಾಲಿಪರಿನೊಳಗೆ ಅದಕ್ಕೆಂದೇ ಕೊರೆದ ಪೀಠದ ಮೇಲೆ ಕೂತು ದಾರಿ ಮುಚ್ಚುತ್ತದೆ. ಅರ್ಧ ಸುತ್ತು ಬಿಚ್ಚಿದರೆ ಶಂಕು ಅರ್ಧ ಮಿಲಿಮೀಟರಿನಷ್ಟು ಮೇಲೇಳುತ್ತದೆ. ಆಯಿಲು ಆ ಸಂದಿನಿಂದ ಅಡ್ಡ ತೂತಿಗೆ, ಅಲ್ಲಿಂದ ಕೊಳವೆಗೆ ಹರಿದು, ತನ್ನೊಡನೆ ಗಾಳಿಯನ್ನು ಹೊರಗೆ ಒಯ್ಯುತ್ತದೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಮನಸ್ಸಿನಲ್ಲಿಡಬೇಕು. ಆಯಿಲನ್ನು ತಡೆಯುವುದು ತುದಿಯ ಶಂಕು, ಸುತ್ತಲಿನ ಥ್ರೆಡ್ ಅಲ್ಲ. ಥ್ರೆಡ್ಡಿನ ಕೆಲಸ ಶಂಕುವನ್ನು ಪೀಠಕ್ಕೆ ಒತ್ತಿ ಹಿಡಿಯುವುದಷ್ಟೆ. ಹಳೆಯ ನಿಪ್ಪಲ್ ಜಿನುಗುತ್ತಿದೆಯೆಂದು ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಸುತ್ತಿ ತಿರುಗಿಸಿ ಕೊಡುವವರಿದ್ದಾರೆ. ಜಿನುಗುವುದು ಕೆಲವು ದಿನ ನಿಂತಂತೆ ಕಾಣಬಹುದು. ಆದರೆ ಪೀಠದಲ್ಲಿ ದಾರಿ ತೆರೆದೇ ಇರುತ್ತದೆ, ಟೇಪಿನ ಚೂರು ತುದಿಗೆ ಸಿಕ್ಕಿಕೊಂಡರೆ ಶಂಕು ಸರಿಯಾಗಿ ಕೂಡುವುದೂ ಇಲ್ಲ. ಹೀಗೆ ಮಾಡಿದ ಗಾಡಿಯನ್ನು ಮನೆಗೆ ತರಬೇಡಿ.

ಒಳಗೆ ಹೋದರೆ ಸಾಲದು

ಅಂಗಡಿಗೆ ಹೋಗಿ "ಡಿಸ್ಕ್ ಬ್ರೇಕಿನ ನಿಪ್ಪಲ್ ಕೊಡ್ರಿ" ಎಂದರೆ ಡಬ್ಬಿಯಿಂದ ಒಂದನ್ನು ತೆಗೆದು ಕೈಗಿಡುತ್ತಾರೆ. ನೋಡಲು ಎಲ್ಲವೂ ಅಕ್ಕತಂಗಿಯರಂತೆ ಒಂದೇ ತರ. ಆದರೆ ಮೋಟರ್ ಸೈಕಲ್ಲುಗಳಲ್ಲಿ 6, 7, 8, 10 ಮಿಲಿಮೀಟರ್ ಅಗಲದ ನಿಪ್ಪಲುಗಳು ಬಳಕೆಯಲ್ಲಿವೆ. ಅಗಲ ಒಂದಾದರೂ ಥ್ರೆಡ್ಡಿನ ಅಂತರ, ಅಂದರೆ ಒಂದು ಸುತ್ತಿಗೆ ತಿರುಪು ಎಷ್ಟು ಮುಂದೆ ಹೋಗುತ್ತದೆ ಎನ್ನುವುದು, ಬೇರೆ ಬೇರೆ ಇರಬಹುದು. ಜಪಾನೀ ಮಾದರಿಯ ಕ್ಯಾಲಿಪರುಗಳಲ್ಲಿ ಸಾಮಾನ್ಯವಾಗಿ ಕಾಣುವುದು 8 ಮಿಲಿಮೀಟರ್ ಅಗಲ, 1.25 ಅಂತರ. ಇಟಲಿಯ ಬ್ರೆಂಬೊ ಕ್ಯಾಲಿಪರುಗಳಲ್ಲಿ 10 ಮಿಲಿಮೀಟರ್ ಅಗಲ, 1.0 ಅಂತರ ಹೆಚ್ಚು. ಇದನ್ನು ನಿಯಮವೆಂದು ಹಿಡಿಯುವಂತಿಲ್ಲ. ಗಾಡಿಯ ಹೆಸರು ಹೇಳಿ ನಿಪ್ಪಲ್ ಕೊಳ್ಳುವುದಕ್ಕಿಂತ, ಬಿಚ್ಚಿದ ಹಳೆಯದನ್ನೇ ಕೈಯಲ್ಲಿ ಹಿಡಿದು ಹೋಗುವುದು ಮೇಲು.

ಅಂತರ ತಪ್ಪಿದರೆ ಏನಾಗುತ್ತದೆ? 1.25 ಅಂತರದ ರಂಧ್ರಕ್ಕೆ 1.0 ಅಂತರದ ನಿಪ್ಪಲನ್ನು ತಿರುಗಿಸಿ. ಒಂದೆರಡು ಸುತ್ತು ಕೈಯಲ್ಲೇ ಸಲೀಸಾಗಿ ಹೋಗುತ್ತದೆ. ಆಮೇಲೆ ಬಿಗಿಯಾಗುತ್ತದೆ, ಪಾನಾ ಹಾಕಬೇಕಾಗುತ್ತದೆ. ನಾಲ್ಕು ಸುತ್ತಿಗೆ ಎರಡರ ನಡುವೆ ಪೂರಾ ಒಂದು ಮಿಲಿಮೀಟರಿನ ಜಗಳ. ಉಕ್ಕಿನ ನಿಪ್ಪಲ್ ಗಟ್ಟಿ, ಅಲ್ಯೂಮಿನಿಯಂ ಮೆದು; ಯಾರು ಸೋಲುತ್ತಾರೆ ಎಂದು ಹೇಳಬೇಕಿಲ್ಲ. ಅಗ್ಗದ ಒಂದು ತಿರುಪು ದುಬಾರಿಯ ಕ್ಯಾಲಿಪರನ್ನು ತಿಂದುಹಾಕುತ್ತದೆ. ಇದಕ್ಕಿಂತ ಅಪಾಯದ ಸಂಗತಿ ಎಂದರೆ, ಒತ್ತಾಯದಿಂದ ಕೂತ ಆ ನಿಪ್ಪಲ್ ಗಾಡಿ ನಿಂತಾಗ ಒಣಗಿಯೇ ಇದ್ದು, ಲಾರಿಯ ಹಿಂದೆ ಜೋರಾಗಿ ಬ್ರೇಕ್ ಹಿಡಿದ ಗಳಿಗೆಯಲ್ಲಿ ಕೈ ಕೊಡಬಹುದು.

ಅಳೆಯುವ ಕೆಲಸವನ್ನು ಮನೆಯ ವಿದ್ಯಾರ್ಥಿಗೆ ಒಪ್ಪಿಸಿ. ಪಿಯುಸಿ ವಿಜ್ಞಾನದ ಹುಡುಗರು ಪ್ರಯೋಗಾಲಯದಲ್ಲಿ ಗುಂಡು, ಸಿಲಿಂಡರುಗಳನ್ನು ವರ್ನಿಯರಿನಿಂದ ಅಳೆದು ರೆಕಾರ್ಡಿಗೆ ಸಹಿ ಹಾಕಿಸಿಕೊಂಡಿರುತ್ತಾರಲ್ಲ, ಅದೇ ವಿದ್ಯೆ ಇಲ್ಲಿ ಬೇಕಾದುದು. ಥ್ರೆಡ್ಡಿನ ಹೊರ ಅಗಲ 7.8 ಅಥವಾ 7.9 ಎಂದು ಬಂದರೆ ಅದು 8ರ ನಿಪ್ಪಲೇ. ಥ್ರೆಡ್ಡಿನ ಮೊನೆಗಳು ಯಾವಾಗಲೂ ತುಸು ಕಡಿಮೆಯೇ ಇರುತ್ತವೆ. ತಲೆಗೆ ಹಿಡಿಯುವ ಪಾನಾದ ಅಳತೆಯನ್ನು ಥ್ರೆಡ್ಡಿನ ಅಳತೆಯೆಂದು ತಿಳಿಯಬೇಡಿ, ಅದು ಬೇರೆ, ಇದು ಬೇರೆ. ಇನ್ನು ಅಂತರ ನೋಡಲು ಸುಲಭದ ಉಪಾಯವೊಂದಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ 8 ಮಿಲಿಮೀಟರ್ ಬೋಲ್ಟಿನ ಅಂತರ 1.25. ಆ ಬೋಲ್ಟಿನ ಹಲ್ಲುಗಳನ್ನು ನಿಪ್ಪಲಿನ ಹಲ್ಲುಗಳಿಗೆ ಪಕ್ಕದಿಂದ ಒತ್ತಿ, ಬೆಳಕಿಗೆ ಎತ್ತಿ ನೋಡಿ. ಹಲ್ಲಿಗೆ ಹಲ್ಲು ಕೂತು ನಡುವೆ ಬೆಳಕು ಕಾಣದಿದ್ದರೆ ಅಂತರ ಒಂದೇ. ಒಂದು ತುದಿಯಲ್ಲಿ ಕೂತು ಇನ್ನೊಂದು ತುದಿಯಲ್ಲಿ ಬೆಳಕು ಇಣುಕಿದರೆ ಬೇರೆ.

ಉದ್ದ ಮತ್ತು ತುದಿ ಕೂಡ ಅಷ್ಟೇ ಮುಖ್ಯ. ಶಂಕು ಪೀಠಕ್ಕೆ ಮುಟ್ಟುವ ಮೊದಲೇ ನಿಪ್ಪಲಿನ ತಲೆ ಕ್ಯಾಲಿಪರಿಗೆ ತಾಗಿ ನಿಂತರೆ, ಎಷ್ಟು ಬಿಗಿದರೂ ದಾರಿ ಮುಚ್ಚುವುದಿಲ್ಲ. ಬಿಗಿಯುವವನಿಗೆ ಮಾತ್ರ "ಗಟ್ಟಿಯಾಯಿತು" ಎನಿಸುತ್ತದೆ! ಹೊಸದನ್ನೂ ಹಳೆಯದನ್ನೂ ತಲೆ ಕೆಳಗಾಗಿ ಒಂದು ಗಾಜಿನ ಮೇಲೆ ಪಕ್ಕಪಕ್ಕ ನಿಲ್ಲಿಸಿದರೆ ಶಂಕುವಿನ ಇಳಿಜಾರು, ಅಡ್ಡ ತೂತಿನ ಜಾಗ, ಥ್ರೆಡ್ಡಿನ ಉದ್ದ ಎಲ್ಲವೂ ಕಣ್ಣಿಗೇ ಹೋಲಿಕೆಯಾಗುತ್ತವೆ. ಹಳೆಯದರ ಶಂಕುವಿನ ಸುತ್ತ ಹೊಳೆಯುವ ಒಂದು ಬಳೆ ಕಾಣುತ್ತದೆ. ಪೀಠಕ್ಕೆ ಒತ್ತಿ ಒತ್ತಿ ಆದ ಗುರುತು ಅದು. ಬಳೆ ಒಂದೇ ಸಮನಾಗಿ ಸುತ್ತುವರಿದಿದ್ದರೆ ಪೀಠ ಚೆನ್ನಾಗಿದೆ ಎಂದು ಅರ್ಥ. ಒಂದು ಕಡೆ ಕಿತ್ತುಹೋದಂತಿದ್ದರೆ ಬರೀ ನಿಪ್ಪಲ್ ಬದಲಿಸಿ ಪ್ರಯೋಜನವಾಗದಿರಬಹುದು, ಉಸ್ತಾದರಿಗೆ ತೋರಿಸಿ.

ಯಾವ ಲೋಹ? ಪೇಟೆಯಲ್ಲಿ ಸತು ಲೇಪಿಸಿದ ಉಕ್ಕು, ಸ್ಟೇನ್‌ಲೆಸ್ ಸ್ಟೀಲು, ಕೆಂಪು-ನೀಲಿ ಬಣ್ಣದ ಅಲ್ಯೂಮಿನಿಯಂ ಮೂರೂ ಇವೆ. ಹುಡುಗರ ಕಣ್ಣು ಬೀಳುವುದು ಬಣ್ಣದ್ದರ ಮೇಲೆ. ಟೊಳ್ಳಾದ ಸಣ್ಣ ತಿರುಪಿಗೆ ಮೆದು ಲೋಹ ಸಲ್ಲದು, ತಲೆ ಸವೆದು ಪಾನಾ ಜಾರುತ್ತದೆ, ಅದನ್ನು ಬಿಟ್ಟುಬಿಡಿ. ಸ್ಟೇನ್‌ಲೆಸ್ ತಾನು ತುಕ್ಕು ಹಿಡಿಯದು ನಿಜ, ಆದರೆ ಅಲ್ಯೂಮಿನಿಯಂ ಜೊತೆ ಒದ್ದೆಯಲ್ಲಿ ಕೂತಾಗ ಅಲ್ಯೂಮಿನಿಯಮ್ಮೇ ಸವೆಯುತ್ತದೆ. ಹಾಗಾಗಿ ಕಂಪನಿಯವರು ಹಾಕಿಕೊಟ್ಟಂಥ ಲೇಪನದ ಉಕ್ಕಿನದೇ ನನ್ನ ಆಯ್ಕೆ. ಒಳಗೆ ಸ್ಪ್ರಿಂಗು ಮತ್ತು ಗುಂಡು ಇರುವ, ಗಾಳಿ ವಾಪಸು ಹೋಗಲು ಬಿಡದ ನಿಪ್ಪಲುಗಳೂ ಬಂದಿವೆ. ಒಬ್ಬರೇ ಕೂತು ಬ್ಲೀಡ್ ಮಾಡಲು ಅನುಕೂಲ. ಆದರೆ ಗುಂಡಿನ ಕೆಳಗೆ ಒಂದು ಕಣ ಧೂಳು ಕೂತರೂ ಅದರ ಜಾಣತನ ಮುಗಿಯಿತು. ನಮ್ಮ ಕಡೆ ಧೂಳಿಗೇನೂ ಬರವಿಲ್ಲವಲ್ಲ.

ಧೂಳಿನ ಕೆಲಸ

ಟೊಪ್ಪಿಗೆಯಿಲ್ಲದ ನಿಪ್ಪಲೆಂದರೆ ಆಕಾಶಕ್ಕೆ ಬಾಯಿ ತೆರೆದ ಸಣ್ಣ ಬಾವಿ. ಬೇಸಿಗೆಯಲ್ಲಿ ಅದರೊಳಗೆ ಸುಣ್ಣಕಲ್ಲಿನ ಹುಡಿ ತುಂಬುತ್ತದೆ, ಮಳೆಗಾಲದಲ್ಲಿ ನೀರು. ಸುಣ್ಣಕಲ್ಲಿನ ಹುಡಿ ತಾನಾಗಿ ಅಷ್ಟು ಕೆಡುಕಿನದಲ್ಲ. ತೇವವನ್ನು ಹಿಡಿದಿಟ್ಟುಕೊಳ್ಳುವುದು ಅದರ ತಪ್ಪು. ಸಿಮೆಂಟಿನ ಹುಡಿ ಹಾಗಲ್ಲ. ನೀರು ತಾಗಿದೊಡನೆ ಅದು ತೀವ್ರ ಕ್ಷಾರವಾಗುತ್ತದೆ. ಅಲ್ಯೂಮಿನಿಯಂ ಗಾಳಿಯಲ್ಲಿ ತಾನಾಗಿಯೇ ಹೊದ್ದುಕೊಳ್ಳುವ ತೆಳು ಆಕ್ಸೈಡ್ ಪದರವನ್ನು ಕ್ಷಾರ ಕರಗಿಸುತ್ತದೆ, ಒಳಗಿನ ಲೋಹವನ್ನು ಕಚ್ಚುತ್ತದೆ. ಇತ್ತ ಉಕ್ಕಿನ ನಿಪ್ಪಲಿಗೆ ತುಕ್ಕು. ಎರಡರ ನಡುವೆ ಬಿಳಿ-ಕಂದು ಬೂದಿಯಂಥದು ಬೆಳೆದು ಗಾರೆ ಹಾಕಿದಂತೆ ಕಚ್ಚಿಕೊಳ್ಳುತ್ತದೆ. ಮುಂದೊಂದು ದಿನ ಪಾನಾ ಹಾಕಿದಾಗ ನಿಪ್ಪಲ್ ತಿರುಗುವುದಿಲ್ಲ, ಅಡ್ಡ ತೂತಿರುವ ದುರ್ಬಲ ಜಾಗದಲ್ಲಿ ತುಂಡಾಗುತ್ತದೆ.

ಈ ಮಾತನ್ನು ಹೆದರಿಸಲು ಹೇಳುತ್ತಿಲ್ಲ. ರಸ್ತೆಯ ಮೇಲಿನ ಲವಣ ಬ್ರೇಕನ್ನು ಹೇಗೆ ತಿನ್ನಬಲ್ಲದು ಎನ್ನುವುದಕ್ಕೆ ದೊಡ್ಡ ಪ್ರಮಾಣದ ಉದಾಹರಣೆಯೇ ಇದೆ. 2020ರಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿ ಬ್ರಿಟನ್, ಯೂರೋಪ್ ಮತ್ತು ದಕ್ಷಿಣ ಕೊರಿಯಾದಲ್ಲಿ ಮಾರಿದ್ದ 15,200 ಗಾಡಿಗಳನ್ನು ವಾಪಸು ಕರೆಸಿತು. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಲವಣ ಚೆಲ್ಲುತ್ತಾರೆ. ಅದರಿಂದ ಬ್ರೇಕ್ ಕ್ಯಾಲಿಪರಿನ ಭಾಗಗಳು ಸವೆಯುವ ಸಾಧ್ಯತೆ ಕಂಡುಬಂದಿತ್ತು. ಅದಕ್ಕೂ ಹಿಂದಿನ ವರ್ಷ, 2019ರಲ್ಲಿ, ಅದೇ ಕಂಪನಿ ನಮ್ಮ ದೇಶದಲ್ಲಿ ಸುಮಾರು 7,000 ಬುಲೆಟ್ ಗಾಡಿಗಳನ್ನು ಕರೆಸಿ ಒಂದು ಬೋಲ್ಟನ್ನು ಬದಲಿಸಿಕೊಟ್ಟಿತು. ಬ್ರೇಕಿನ ಪೈಪನ್ನು ಕ್ಯಾಲಿಪರಿಗೆ ಹಿಡಿದಿಡುವ ಬೋಲ್ಟು ಅದು, ನಮ್ಮ ನಿಪ್ಪಲಿನ ನೆರೆಮನೆಯದು. ಹೊರಗಿನಿಂದ ಸರಬರಾಜಾದ ಕೆಲವು ಬೋಲ್ಟುಗಳು ಕಂಪನಿಯ ಗುಣಮಟ್ಟಕ್ಕೆ ಇರಲಿಲ್ಲವಂತೆ. ಬೆಲೆಯಲ್ಲಿ ಲೆಕ್ಕಕ್ಕಿಲ್ಲದ ಒಂದು ಬೋಲ್ಟಿಗಾಗಿ ಏಳು ಸಾವಿರ ಗಾಡಿ!

ಆದ್ದರಿಂದ ಬಿಡಿಭಾಗದ ಅಂಗಡಿಯಲ್ಲಿ ಮುಚ್ಚಿದ ಪೊಟ್ಟಣದ, ಕಂಪನಿಯ ಭಾಗಸಂಖ್ಯೆ ಮತ್ತು ಬೆಲೆ ಅಚ್ಚಾದ ನಿಪ್ಪಲನ್ನೇ ಕೇಳಿ, ರಸೀದಿ ಪಡೆಯಿರಿ. ಡೂಪ್ಲಿಕೇಟ್ ಮಾಲಿಗೂ ಅಸಲಿಗೂ ಇಲ್ಲಿ ಇರುವ ವ್ಯತ್ಯಾಸ ಚಿಲ್ಲರೆ ಕಾಸು. ಟೊಪ್ಪಿಗೆ ಜೊತೆಗೆ ಬಾರದಿದ್ದರೆ ಅದನ್ನೂ ಬೇರೆಯಾಗಿ ಕೇಳಿ ತನ್ನಿ. ನಿಪ್ಪಲ್ ಸುಸ್ಥಿತಿಯಲ್ಲಿದ್ದು ಟೊಪ್ಪಿಗೆ ಮಾತ್ರ ಕಳೆದಿದ್ದರೆ ಇವತ್ತೇ ಒಂದನ್ನು ಹಾಕಿಬಿಡಿ, ಮುಂದಿನ ಅರ್ಧ ತೊಂದರೆ ಅಲ್ಲಿಗೇ ತಪ್ಪುತ್ತದೆ.

ಗ್ಯಾರೇಜಿನಲ್ಲಿ

"ಉಸ್ತಾದ್, ಬ್ರೇಕ್ ಮೆತ್ತಗಾಗ್ಯಾದ್ರಿ, ಜರಾ ನೋಡ್ರಿ" ಎಂದು ಗಾಡಿ ಬಿಟ್ಟು ಚಹಾಕ್ಕೆ ಹೋಗುವುದು ನಮ್ಮ ರೂಢಿ. ಈ ಒಂದು ಕೆಲಸಕ್ಕೆ ಮಾತ್ರ ಅಪ್ಪ-ಮಗ, ಅಣ್ಣ-ತಂಗಿ ಯಾರಾದರೂ ಇಬ್ಬರು ನಿಂತು ನೋಡುವುದು ಒಳ್ಳೆಯದು. ಓದಿಕೊಂಡು ಮನೆಯಲ್ಲೇ ಬಿಚ್ಚುವ ಸಾಹಸ ಬೇಡ. ಬ್ರೇಕು ಕಲಿಯುವವರ ಪ್ರಯೋಗದ ವಸ್ತುವಲ್ಲ. ಆದರೆ ಏನನ್ನು ನೋಡಬೇಕು ಎಂದು ಗೊತ್ತಿರಲಿ.

ಮೊದಲು ಸುತ್ತಲಿನ ಧೂಳು ಒರೆಸಬೇಕು. ಕಚ್ಚಿಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಕಾಯಬೇಕು. ಅದು ಪ್ಯಾಡಿಗೂ ಡಿಸ್ಕಿಗೂ ತಾಗಬಾರದು. ತೆರೆದ ಪಾನಾಕ್ಕಿಂತ ಆರೂ ಮೂಲೆ ಹಿಡಿಯುವ ರಿಂಗ್ ಪಾನಾ ಬೇಕು. ಸೀಮೆಎಣ್ಣೆ, ಪೆಟ್ರೋಲು, ಎಂಜಿನ್ ಆಯಿಲು ಇವುಗಳಲ್ಲಿ ಒಂದು ಹನಿಯೂ ಬ್ರೇಕಿನ ಒಳಗೆ ಹೋಗಕೂಡದು, ಒಳಗಿನ ರಬ್ಬರು ಉಬ್ಬಿ ಕೆಡುತ್ತದೆ. ಆಯಿಲಿನ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದೇ ಬೇಕು. ಈ ಆಯಿಲು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ಆಯಿಲು ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು; ಶೇಕಡಾ 3.7ರಷ್ಟು ನೀರು ಸೇರಿದರೆ ಮಾನಕದ ಮಟ್ಟ 155ಕ್ಕೆ ಇಳಿಯುತ್ತದೆ. ಅದಕ್ಕೇ ಎಂದೋ ಬಾಯಿ ತೆರೆದಿಟ್ಟ ಸೀಸೆಯಿಂದ ಸುರಿಯಲು ಬಂದರೆ ಬೇಡವೆನ್ನಿ.

ಬಿಗಿಯುವಾಗ ಬಲ ಪ್ರದರ್ಶನ ಬೇಡ. ಹಲವು ಗಾಡಿಗಳ ಕೈಪಿಡಿಗಳು ನಿಪ್ಪಲಿಗೆ ಹೇಳುವುದು 6 ನ್ಯೂಟನ್ ಮೀಟರಿನ ಆಸುಪಾಸು. ಹತ್ತು ಸೆಂಟಿಮೀಟರ್ ಉದ್ದದ ಪಾನಾದ ತುದಿಗೆ ಆರು ಕಿಲೋ ತೂಗುಹಾಕಿದರೆ ಎಷ್ಟೋ ಅಷ್ಟು. ಕ್ಯಾಲಿಪರನ್ನು ಹಿಡಿದಿರುವ ಬೋಲ್ಟುಗಳಿಗೆ ಇದರ ನಾಲ್ಕೈದು ಪಟ್ಟು ಬೇಕು, ಅದೇ ಕೈವಾಡವನ್ನು ಇಲ್ಲಿ ತೋರಿಸಿದರೆ ನಿಪ್ಪಲ್ ಮುರಿಯುತ್ತದೆ. ಭಾರತದಲ್ಲಿ 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಅಂಥ ಗಾಡಿಯಲ್ಲಿ ಎಬಿಎಸ್ ಪೆಟ್ಟಿಗೆಯೊಳಗೇ ಗಾಳಿ ಸೇರಿಕೊಂಡರೆ ಅದನ್ನು ಹೊರಡಿಸಲು ಕೆಲವೊಮ್ಮೆ ಕಂಪನಿಯ ಉಪಕರಣವೇ ಬೇಕಾಗುತ್ತದೆ. ಎಷ್ಟು ಬ್ಲೀಡ್ ಮಾಡಿದರೂ ಹಿಡಿ ಗಟ್ಟಿಯಾಗದಿದ್ದರೆ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಕೆಲಸ ಮುಗಿದ ಮೇಲೆ ಚೆಲ್ಲಿದ ಆಯಿಲನ್ನು ನೀರಿನಿಂದ ತೊಳೆದು ಒರೆಸಬೇಕು. ಬಿಟ್ಟರೆ ಬಣ್ಣ ಎದ್ದು ಬರುತ್ತದೆ, ಜೊತೆಗೆ ಹಳೆಯ ಒದ್ದೆಗೂ ಹೊಸ ಜಿನುಗಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಒಣಗಿದ ನಿಪ್ಪಲಿನ ಸುತ್ತ ಬಿಳಿ ಕಾಗದದ ತುಂಡೊಂದನ್ನು ಒತ್ತಿ ಹಿಡಿದು, ಇನ್ನೊಬ್ಬರು ಬ್ರೇಕಿನ ಹಿಡಿಯನ್ನು ಬಲವಾಗಿ ಒಂದು ನಿಮಿಷ ಅದುಮಿ ಹಿಡಿಯಲಿ. ಹಿಡಿ ನಿಧಾನವಾಗಿ ಒಳಗೆ ಸರಿಯಬಾರದು, ಕಾಗದಕ್ಕೆ ಕಲೆ ಹತ್ತಬಾರದು. ಆಮೇಲೆ ಟೊಪ್ಪಿಗೆ ಹಾಕಿ, ಗ್ಯಾರೇಜಿನ ಅಂಗಳದಲ್ಲಿ ನಡಿಗೆಯ ವೇಗದಲ್ಲಿ ನಾಲ್ಕಾರು ಸಲ ಹಿಡಿದು ನೋಡಿ, ನಂತರವಷ್ಟೇ ರಸ್ತೆಗೆ. ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಅದೇ ಕಾಗದದ ಪರೀಕ್ಷೆ ಇನ್ನೊಮ್ಮೆ. ಮೇಲಿನ ಡಬ್ಬಿಯ ಗಾಜಿನ ಕಿಂಡಿಯಲ್ಲಿ ಆಯಿಲಿನ ಮಟ್ಟ ನಿನ್ನೆ ಇದ್ದಲ್ಲೇ ಇದೆಯೆ ಎಂದೂ ನೋಡಿಕೊಳ್ಳಿ.